ಅಂಗೈಯಿಂದ ಕೇಳುತ್ತಿದ್ದ ಮಿಸ್ತ್ರಿ

ಮಿಸ್ತ್ರಿಯ ಬಲಗೈಯ ಐದೂ ಬೆರಳುಗಳ ತುದಿಗಳು ಸುಟ್ಟು ಕಪ್ಪಾಗಿದ್ದವು. ಬೆಸುಗೆ ಹಾಕುವ ಕಾದ ಕಡ್ಡಿಯನ್ನು ಮೂವತ್ತು ವರ್ಷ ಮುಟ್ಟಿಸಿಕೊಂಡ ಬೆರಳುಗಳವು. ಕುದಿಯುವ ಚಹದ ಗ್ಲಾಸನ್ನು ಸುತ್ತಿ ಹಿಡಿದರೂ ಅವಕ್ಕೆ ಏನೂ ಗೊತ್ತಾಗುತ್ತಿರಲಿಲ್ಲ. ಆದರೆ ಅದೇ ಕೈಯ ಅಂಗೈ ಮಾತ್ರ ಕೂಸಿನ ಅಂಗಾಲಿನ ಹಾಗೆ ಮೆತ್ತಗಿತ್ತು. ಅದನ್ನು ಅವರು ಬೇಕೆಂದೇ ಹಾಗೆ ಕಾಪಾಡಿಕೊಂಡಿದ್ದರು. ನಟ್ಟು ಬಿಗಿಯುವ ಪಾನಾ ತಿರುವುವುದು, ಕಾರಿನ ಬಾಗಿಲಿನ ತಗಡು ಕತ್ತರಿಸುವುದು, ನೀರಿನ ಕೊಡ ಎತ್ತುವುದು ಎಲ್ಲ ಎಡಗೈಯಿಂದ. ಬಲ ಅಂಗೈ ಇದ್ದದ್ದು ಒಂದೇ ಕೆಲಸಕ್ಕೆ. ಹಾಡುತ್ತಿರುವ ಸ್ಪೀಕರಿನ ಮೇಲೆ ಅದನ್ನು ಹಗುರವಾಗಿ ಇಟ್ಟು, ಕಣ್ಣು ಮುಚ್ಚಿ, ಸ್ಪೀಕರಿನ ಉಸಿರು ನೋಡುತ್ತಿದ್ದರು.

ಗದಗಿನ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಒಂದು ಛಾಪಖಾನೆಯ ಗೋಡೆಗೆ ಆನಿಸಿದಂತೆ ಅವರ ತಗಡಿನ ಅಂಗಡಿ ಇತ್ತು. ಎಪ್ಪತ್ತರ ದಶಕದಲ್ಲಿ ಅಲ್ಲಿ ರೇಡಿಯೊ ರಿಪೇರಿ ನಡೆಯುತ್ತಿತ್ತು, ಮದುವೆ ಉರುಸುಗಳಿಗೆ ಲೌಡ್‌ಸ್ಪೀಕರ್ ಬಾಡಿಗೆಗೆ ಸಿಗುತ್ತಿತ್ತು. ಕ್ಯಾಸೆಟ್ಟು ಬಂದ ಮೇಲೆ ಕಾರುಗಳಿಗೆ ಟೇಪು, ದನಿ ಏರಿಸುವ ಆಂಪ್ಲಿ, ಸ್ಪೀಕರು ಕೂಡಿಸುವುದೇ ಅವರ ಕಸುಬಾಯಿತು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಹತ್ತಿ ವ್ಯಾಪಾರಿಗಳು, ಡಾಕ್ಟರುಗಳು, ನನ್ನಂಥ ಬಾಡಿಗೆ ಕಾರಿನವರು, ಎಲ್ಲರೂ ಅಲ್ಲಿಗೇ ಬರುತ್ತಿದ್ದರು. ಹುಬ್ಬಳ್ಳಿಗೆ ಹೋದರೆ ಇದಕ್ಕಿಂತ ಹೊಳೆಯುವ ಅಂಗಡಿಗಳಿದ್ದವು. ಆದರೂ ಹುಬ್ಬಳ್ಳಿಯಲ್ಲಿ ಮಾಡಿಸಿಕೊಂಡು ಬಂದವರು ಆರು ತಿಂಗಳಿಗೆ ಮುಖ ಸಣ್ಣದು ಮಾಡಿಕೊಂಡು ಈ ಓಣಿಗೆ ತಿರುಗುತ್ತಿದ್ದರು.

ನಾನು ಬೆಟಗೇರಿಯ ನೇಕಾರರ ಮನೆಯವನು. ಮಗ್ಗದ ಮುಂದೆ ಕೂಡುವ ತಾಳ್ಮೆ ಇಲ್ಲದೆ ಸ್ಟೇರಿಂಗ್ ಹಿಡಿದವನು. ಹಳೆಯ ಅಂಬಾಸಡರ್ ಒಂದನ್ನು ಮಾಡಿಕೊಂಡು ಮದುವೆ ಬಾಡಿಗೆ ಹೊಡೆಯುತ್ತಿದ್ದೆ. ಸೊಕ್ಕು ಕೇಳಬೇಡಿ. ಮೊದಲ ಸಲ ಹೋದಾಗ ಅಂಗಡಿಯ ಹೊರಗೇ ನಿಂತು, ಊರಿನ ಎಲ್ಲ ಗಾಡಿಗಳಿಗಿಂತ ದೊಡ್ಡ ಆಂಪ್ಲಿ ನನ್ನ ಗಾಡಿಗೆ ಬೇಕು ಎಂದೆ. ಅವರು ಆಂಪ್ಲಿಯ ಮಾತೇ ಎತ್ತಲಿಲ್ಲ. ಕಾರಿನ ನಾಲ್ಕೂ ಬಾಗಿಲು ತೆರೆದು ಮುಚ್ಚಿ ನೋಡಿದರು, ಹಿಂದಿನ ಸೀಟಿನಲ್ಲಿ ಹೋಗಿ ಕೂತರು.

“ಇಲ್ಲಿ ಯಾರು ಕುಂಡರ್ತಾರ?” ಎಂದು ಕೇಳಿದರು.

ಮದುಮಗಳು ಕೂಡುತ್ತಾಳೆ ಎಂದೆ.

“ತವರುಮನಿ ಬಿಟ್ಟು ಅಳಕೋತ ಹೊಂಟ ಹುಡುಗಿ ಕಿವ್ಯಾಗ ಡಂಗರಾ ಹೊಡೀತಿಯೇನೋ ತಮ್ಮಾ?”

ಆಮೇಲೆ ಪಾಠ ಶುರುವಾಯಿತು. ಸ್ಪೀಕರಿಗೂ ಒಂದು ಹೊಟ್ಟೆ ಇರುತ್ತದೆ, ಅದನ್ನು ನೋಡಿ ಆಂಪ್ಲಿ ಆರಿಸಬೇಕು ಎಂಬುದು ಅವರ ಲೆಕ್ಕ. “ಹೆಚ್ಚು ಉಣಿಸಿದ್ರ ಹೊಟ್ಟಿ ಒಡದು ಸಾಯತೈತಿ. ಅರೆಹೊಟ್ಟಿ ಇಟ್ಟು ಜೋರ್ ಹಾಡಂದ್ರ ಚೀರಿ ಚೀರಿ ಸಾಯತೈತಿ,” ಎನ್ನುತ್ತಿದ್ದರು. ನನ್ನ ಗಾಡಿಯ ಮುದಿ ಡೈನಮೊ ಎಷ್ಟು ಕರೆಂಟು ಕೊಟ್ಟೀತು ಎಂದು ನೋಡಿ ಸಣ್ಣದೊಂದು ಆಂಪ್ಲಿಯನ್ನು ಸೀಟಿನ ಕೆಳಗೆ ಇಟ್ಟರು. ಹಿಂದಿನ ಗಾಜಿನ ಕೆಳಗಿನ ಹಲಗೆಗೆ ಮೊಟ್ಟೆಯಾಕಾರದ ಎರಡು ಸ್ಪೀಕರು ಕೂಡಿಸಿ, ತಗಡು ನಡುಗಬಾರದೆಂದು ಅಡಿಯಲ್ಲಿ ಕುರಿಯ ಕಂಬಳಿಯ ತುಂಡು ಹಾಸಿದರು. ನಾನು ಮುಖ ಊದಿಸಿಕೊಂಡೇ ಗಾಡಿ ಬಿಟ್ಟೆ. ಶಿರಹಟ್ಟಿಯ ಬಾಡಿಗೆಗೆ ಹೋಗುವಾಗ ತಬಲಾದ ಮೇಲೆ ಬೀಳುವ ಬೆರಳುಗಳು ಒಂದೊಂದಾಗಿ ಕೇಳಿಸಿದವು. ವಾಪಸು ಬಂದವನೇ ಅವರ ಅಂಗಡಿಗೆ ಹೋಗಿ ಚಹ ಕುಡಿದೆ. ಅಂದಿನಿಂದ ಅವರು ನನಗೆ ಚಾಚಾ ಆದರು.

ಅವರು ಸ್ಪೀಕರನ್ನು ಹಾಡು ಹಾಕಿ ಪರೀಕ್ಷೆ ಮಾಡುತ್ತಿರಲಿಲ್ಲ. ಹಾಡಿನಲ್ಲಿ ಹತ್ತು ಮಂದಿ ಬಾರಿಸುತ್ತಾರೆ, ತಪ್ಪೆಲ್ಲ ಮುಚ್ಚಿಹೋಗುತ್ತದೆ ಎನ್ನುತ್ತಿದ್ದರು. “ಒಬ್ಬಾಕಿ ಹೆಣ್ಣಮಗಳು ಮನ್ಯಾಗ ಮಾತಾಡಿದ್ದು ಖರೆ ಕೇಳಿಸ್ತಂದ್ರ ಆ ಸ್ಪೀಕರ್ ಎಲ್ಲಾದಕೂ ಆತು.” ಆ ಹೆಣ್ಣುಮಗಳು ಅವರ ಹೆಂಡತಿ. ಚಾಚಿ ಹರ್ತಿಯ ಕಡೆಯವರು, ಅವರ ಮನೆಯಲ್ಲಿ ಆಡುತ್ತಿದ್ದುದು ಕನ್ನಡವೇ. ಹೊಸ ಟೇಪ್‌ರೆಕಾರ್ಡರ್ ತಂದ ದಿನ ಚಾಚಾ ಅಡುಗೆಮನೆಯ ಹೊಸ್ತಿಲಲ್ಲಿ ಅದನ್ನಿಟ್ಟು ಬಟನ್ ಒತ್ತಿಬಿಟ್ಟಿದ್ದರು. ಚಾಚಿಗೆ ಗೊತ್ತಿಲ್ಲ. ಸಕ್ಕರೆ ತೀರಿದೆ, ಮುಂಡರಗಿಗೆ ಮಗಳನ್ನು ನೋಡಲು ಹೋಗುವುದು ಯಾವಾಗ, ಈ ಡಬ್ಬಿಯನ್ನು ದಾರಿಯಲ್ಲಿ ಯಾಕೆ ಇಟ್ಟಿದ್ದೀರಿ, ಹೀಗೆ ಐದು ನಿಮಿಷ ಗಂಡನನ್ನು ಬೈದಿದ್ದಾರೆ. ಕೊನೆಗೆ ಟೇಪು ತಿರುಗುತ್ತಿರುವುದು ಕಂಡು ಜೋರಾಗಿ ನಕ್ಕಿದ್ದಾರೆ. ಅಷ್ಟೇ ಆ ಕ್ಯಾಸೆಟ್ಟು. ‘ಸಕ್ಕರಿ’ ಎನ್ನುವಲ್ಲಿ ಸಣ್ಣ ಸ್ಪೀಕರಿನ ಪರೀಕ್ಷೆಯಾಗುತ್ತಿತ್ತು, ಕೊನೆಯ ನಗುವಿನಲ್ಲಿ ದೊಡ್ಡದರದು. ಗಿರಾಕಿಗಳು ಮುಸಿಮುಸಿ ನಗುತ್ತಿದ್ದರು. ಚಾಚಾ ಮಾತ್ರ ನಮಾಜಿಗೆ ನಿಂತವರಷ್ಟು ಗಂಭೀರವಾಗಿ ಅಂಗೈ ಇಟ್ಟುಕೊಂಡು ನಿಂತಿರುತ್ತಿದ್ದರು.

ಚಾಚಿ ಕಾಮಾಲೆಯಲ್ಲಿ ಹೋದರು. ಎರಡು ವಾರದ ಬೇನೆ, ಅಷ್ಟೇ. ಒಂದು ಫೋಟೊ ತೆಗೆಸಿಕೊಂಡ ಜೀವವಲ್ಲ ಅದು. ನಲವತ್ತು ದಿನ ಕಳೆದ ಮೇಲೆ ಚಾಚಾ ಅಂಗಡಿ ತೆರೆದರು. ಮೊದಲು ಬಂದ ಗಾಡಿಗೆ ಅದೇ ಕ್ಯಾಸೆಟ್ಟು ಹಾಕಿದರು. ನಾನು ಅಲ್ಲೇ ಇದ್ದೆ. ಸಕ್ಕರೆ ತೀರಿದೆ ಎಂದು ಸತ್ತವರು ಬೈಯುವುದನ್ನು ಕೇಳಿ ನಾನು ಕೂತಲ್ಲಿಂದ ಎದ್ದು ನಿಂತೆ. ಚಾಚಾ ಅಂಗೈ ಇಟ್ಟು ಕಣ್ಣು ಮುಚ್ಚಿದರು. ಆವತ್ತು ಅವರು ಸ್ಪೀಕರು ನೋಡಲಿಲ್ಲ ಎಂಬುದು ನನಗೆ ಗೊತ್ತು.

ಅವರಿಗೆ ಕಿವಿ ಕೇಳಿಸುತ್ತಿಲ್ಲ ಎಂಬುದು ನನ್ನ ಗಾಡಿಯಲ್ಲೇ ಬಯಲಾಯಿತು. ಬಲಗಡೆಯ ಸ್ಪೀಕರಿನೊಳಗಿನ ಕಾಗದದ ಪೊರೆ ಹರಿದು ಕರಕರ ಎನ್ನುತ್ತಿತ್ತು, ಹಾದಿಯಲ್ಲಿ ಹೋಗುವವನಿಗೂ ಕೇಳುವಷ್ಟು. ಅವರು ಬಗ್ಗಿ ನೋಡಿ, ಚೊಲೊ ಐತಲ್ಲ ಎಂದರು. ನಾನು ತಮಾಷೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ. ನನ್ನ ಮುಖವನ್ನೇ ನೋಡಿದರು. ಆಮೇಲೆ ಕೈಹಿಡಿದು ಅಂಗಡಿಯ ಒಳಗೆ ಕರೆದುಕೊಂಡು ಹೋದರು.

“ಎಡಗಿವಿ ಹೋಗಿ ಎರಡು ವರ್ಷಾತು. ಬಲದ್ದೂ ಹೊಂಟೈತಿ. ಯಾರ ಮುಂದೂ ಅನಬ್ಯಾಡೋ ತಮ್ಮಾ. ಕಿವಿ ಇಲ್ಲದ ಮಿಸ್ತ್ರಿ ಕಡೆ ಗಾಡಿ ಯಾರು ಬಿಡ್ತಾರ?”

ವರ್ಷಗಟ್ಟಲೆ ಮದುವೆ ಚಪ್ಪರಗಳಲ್ಲಿ ಲೌಡ್‌ಸ್ಪೀಕರಿನ ಬಾಯಿಗೆ ಕಿವಿ ಕೊಟ್ಟು ನಿಂತ ಫಲವದು. ಬೇರೆ ಕಸುಬು ಅವರಿಗೆ ಗೊತ್ತಿರಲಿಲ್ಲ. ಕಸುಬು ಹೋದರೆ ಆ ಕ್ಯಾಸೆಟ್ಟಿನ ಮೇಲೆ ದಿನವೂ ಕೈ ಇಡುವ ನೆಪವೂ ಹೋಗುತ್ತಿತ್ತು. ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ನಾನು ಯಾರ ಮುಂದೆಯೂ ಅನ್ನುವುದಿಲ್ಲ ಎಂದು ಮಾತು ಕೊಟ್ಟೆ. ಅವರ ಕಿವಿಯಾಗುವೆನೆಂದೂ ಒಪ್ಪಿಕೊಂಡೆ.

ಬಹಳಷ್ಟು ಕೆಲಸ ಅವರಿಗೆ ಕೈಯಿಂದಲೇ ಆಗುತ್ತಿತ್ತು. ಬ್ಯಾಟರಿ ಸೆಲ್ಲನ್ನು ಸ್ಪೀಕರಿನ ವೈರಿಗೆ ತಾಗಿಸಿ, ಕಾಗದ ಮುಂದಕ್ಕೆ ಉಬ್ಬಿದರೆ ಪ್ಲಸ್ಸು ಇದು, ಮೈನಸ್ಸು ಅದು ಎಂದು ಗುರುತು ಹಾಕುತ್ತಿದ್ದರು. ದಪ್ಪ ದನಿಗಳೆಲ್ಲ ಅಂಗೈಗೆ ತಿಳಿಯುತ್ತಿದ್ದವು. ತಿಳಿಯದ್ದು ಎರಡೇ. ಒಂದು ಹರಿದ ಕಾಗದದ ಕರಕರ. ಇನ್ನೊಂದು, ಆಂಪ್ಲಿಯ ಅರ್ಥಿಂಗ್ ಸರಿಯಾಗದಿದ್ದರೆ ಇಂಜಿನ್ನಿನ ವೇಗದ ಜೊತೆ ಸ್ಪೀಕರಿನಲ್ಲಿ ಏರುತ್ತ ಹೋಗುವ ಸಣ್ಣ ಕುಂಯ್‌ಗುಟ್ಟುವಿಕೆ. ಅದಕ್ಕೆ ಅವರು ಡೈನಮೊ ಅಳುವುದು ಎನ್ನುತ್ತಿದ್ದರು. ಕೆಲಸ ಮುಗಿದ ಮೇಲೆ ನಾನು ಹಿಂದಿನ ಸೀಟಿನಲ್ಲಿ ಕೂಡುತ್ತಿದ್ದೆ. ಅವರು ಮುಂದೆ ಕೂತು ಕನ್ನಡಿಯಲ್ಲಿ ನನ್ನ ಮುಖ ನೋಡುತ್ತ ಎರಡು ಪ್ರಶ್ನೆ ಕೇಳುತ್ತಿದ್ದರು. ಕರಕರ ಐತೇನು? ಡೈನಮೊ ಅಳತೈತೇನು? ನಾನು ತಲೆಯಾಡಿಸಿ ಹೇಳುತ್ತಿದ್ದೆ. ಗಿರಾಕಿ ಹೊರಗೆ ನಿಂತು, ಮಿಸ್ತ್ರಿ ಎಷ್ಟು ನಿಗಾ ಮಾಡುತ್ತಾರೆ ಎಂದುಕೊಳ್ಳುತ್ತಿದ್ದ.

ಮೊದಲ ಸುಳ್ಳು ಹೇಳಿದ್ದು ಒಂದು ರಂಜಾನಿನಲ್ಲಿ. ಲಕ್ಷ್ಮೇಶ್ವರದ ಹತ್ತಿ ವ್ಯಾಪಾರಿಯೊಬ್ಬರ ಕಾರು. ಚಾಚಾ ಬೆಳಗಿನಿಂದ ಒಂದು ಹನಿ ನೀರಿಲ್ಲದೆ ಕಾರಿನೊಳಗೆ ಬಗ್ಗಿದ್ದರು. ರೋಜಾದ ಉಪವಾಸ ಬಿಡುವ ಹೊತ್ತು ಹತ್ತಿರ ಬಂದಿತ್ತು. ಇಂಜಿನ್ ಜೋರು ಮಾಡಿದೊಡನೆ ಡೈನಮೊ ಸ್ಪಷ್ಟವಾಗಿ ಅತ್ತಿತು. ಕನ್ನಡಿಯಲ್ಲಿ ಆ ಒಣಗಿದ ತುಟಿ, ಗುಳಿಬಿದ್ದ ಕಣ್ಣು ಕಂಡವು. ಅಳುತ್ತಿದೆ ಎಂದರೆ ಅವರು ಆಗಲೇ ಸೀಟು ಬಿಚ್ಚಿ ಮತ್ತೆ ಶುರು ಮಾಡುವವರು. ಇಲ್ಲ ಎಂದು ತಲೆಯಾಡಿಸಿದೆ. ದಯೆ ತೋರಿಸಿದೆ ಎಂದುಕೊಂಡೆ. ಖರೆ ಹೇಳಬೇಕೆಂದರೆ ನನಗೂ ಮನೆಗೆ ಹೋಗುವ ಅವಸರವಿತ್ತು. ವ್ಯಾಪಾರಿಗೆ ಗೊತ್ತೂ ಆಗಲಿಲ್ಲ. ಹಾಗೆ ಒಂದು, ಹಾಗೆ ಇನ್ನೊಂದು. ಕೊನೆಗೆ ಯಾವ ಗಾಡಿಗೆ ಖರೆ ಹೇಳಿದ್ದೆ, ಯಾವುದಕ್ಕೆ ಸುಳ್ಳು ಎಂದು ನನಗೇ ಮರೆತುಹೋಗುವಷ್ಟಾಯಿತು.

ಮರುವರ್ಷದ ಬೇಸಿಗೆ. ಚಾಚಾ ಶಿರಹಟ್ಟಿಗೆ ಹೋಗಿ ಒಂದು ಗಾಡಿ ನೋಡಬೇಕಿತ್ತು, ನಾನೇ ಕರೆದೊಯ್ದಿದ್ದೆ. ಬರುವಾಗ ಅವರ ಕ್ಯಾಸೆಟ್ಟು ನನ್ನ ಟೇಪಿನಲ್ಲೇ ಉಳಿಯಿತು. ಮರುದಿನ ಮದುವೆ ಬಾಡಿಗೆ. ನನ್ನ ಹಾಡು ಹಾಕಬೇಕೆಂದು ಚಾಚಿಯ ಕ್ಯಾಸೆಟ್ಟು ತೆಗೆದು ಮುಂದಿನ ಗಾಜಿನ ಕೆಳಗೆ ಒಗೆದೆ. ಹನ್ನೊಂದರಿಂದ ನಾಲ್ಕರವರೆಗೆ ಗಾಡಿ ಬಯಲಲ್ಲಿ ನಿಂತಿತ್ತು. ನಾನು ಚಪ್ಪರದಲ್ಲಿ ಹೋಳಿಗೆ ಉಂಡು ಮಲಗಿದ್ದೆ. ಎದ್ದು ಬಂದು ನೋಡಿದರೆ ಕ್ಯಾಸೆಟ್ಟು ಬಿಸಿಲಿಗೆ ಹಪ್ಪಳದಂತೆ ಡೊಂಕಾಗಿತ್ತು. ಅಲ್ಲಿಗೇ ಬಿಟ್ಟಿದ್ದರೆ ಏನಾದರೂ ಉಳಿಯುತ್ತಿತ್ತೇನೋ. ಗಾಬರಿಯಲ್ಲಿ ಅದನ್ನು ಟೇಪಿಗೆ ತುರುಕಿದೆ. ಚಾಚಿ ಎರಡು ಮಾತು ನರಳಿದರು. ಆಮೇಲೆ ಟೇಪು ಕ್ಯಾಸೆಟ್ಟನ್ನು ಜಗಿದು ನುಂಗಿತು. ಎಳೆದಷ್ಟೂ ಒಳಗಿನ ಪಟ್ಟಿ ಹರಿದ ಲಾಡಿಯಂತೆ ಹೊರಗೆ ಬಂತು. ಆ ಚೂರುಗಳನ್ನು ಮಡಿಲಲ್ಲಿಟ್ಟುಕೊಂಡು ಮದುವೆ ಮನೆಯ ಮುಂದೆ ನಾನು ಅತ್ತೆ.

ಹೇಳಿಬಿಡಬೇಕಿತ್ತು. ಎರಡು ದಿನ ಅಂಗಡಿಯ ಕಡೆ ಹೋಗಲಿಲ್ಲ. ಮೂರನೆಯ ದಿನ ನನ್ನ ತಲೆಯಲ್ಲಿ ಒಂದು ಹುಳ ಹೊಕ್ಕಿತು. ಹೇಗೂ ಅವರಿಗೆ ಕೇಳಿಸುವುದಿಲ್ಲ, ಅಂಗೈಗೆ ಒಂದು ಹೆಂಗಸಿನ ಮಾತು ಸಿಕ್ಕರೆ ಸಾಕಲ್ಲ ಎಂದು. ಚಾಚಿಯ ಬೈಗುಳ ನನಗೆ ಅಕ್ಷರಕ್ಷರ ಬಾಯಿಪಾಠವಾಗಿತ್ತು. ಎರವಲು ತಂದ ಟೇಪ್‌ರೆಕಾರ್ಡರಿಗೆ ಹೊಸ ಕ್ಯಾಸೆಟ್ಟು ಹಾಕಿ, ಹೆಂಡತಿಯನ್ನು ಅದರ ಮುಂದೆ ಕೂಡಿಸಿಕೊಂಡು, ನಾನು ಹೇಳಿಕೊಟ್ಟಂತೆ ಮಾತಾಡು ಎಂದೆ. ಅವಳು ಎದ್ದು ನಿಂತಳು.

“ಸತ್ತಾಕಿ ಮಾತು ನನ್ನ ಬಾಯಿಲೆ ಆಡಸ್ತೀರೇನ್ರಿ? ಪಾಪ ಹತ್ತತೈತಿ. ಹೋಗಿ ಅವರ ಕಾಲ ಹಿಡ್ಕೊಳ್ರಿ.”

ನಾನು ರೇಗಿದೆ, ಕೂಗಾಡಿದೆ. ಅವಳು ಕಣ್ಣೊರೆಸಿಕೊಂಡು ಮಾತಾಡಿದಳು. ಕೊನೆಯ ನಗು ಮಾತ್ರ ಅವಳಿಂದ ಆಗಲಿಲ್ಲ. ಮೂರು ಸಲ ಪ್ರಯತ್ನಿಸಿದಳು. ಬಿಟ್ಟುಬಿಡು ಎಂದೆ.

ಚಾಚಾ ಆ ಕ್ಯಾಸೆಟ್ಟನ್ನು ಟೇಪಿಗೆ ಹಾಕಿ ಅಂಗೈ ಇಟ್ಟಾಗ ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅವರು ಕಣ್ಣು ಮುಚ್ಚಿದರು. ಮುಖ ಎಂದಿನಂತೆ ಸಡಿಲವಾಯಿತು. ಐದು ನಿಮಿಷವಾದ ಮೇಲೂ ಕೈ ತೆಗೆಯಲಿಲ್ಲ, ಕಾಯುತ್ತ ನಿಂತರು. ಆಮೇಲೆ ಕಣ್ಣು ತೆರೆದು, ಆಕಿ ನಗಿ ಬರಲಿಲ್ಲಲ್ಲ ಎಂದರು. ಕೊನೆಯಲ್ಲಿ ಟೇಪು ಸವೆದು ಹರಿದಿತ್ತು, ಕತ್ತರಿಸಿ ಹೊಸ ಕ್ಯಾಸೆಟ್ಟಿನೊಳಗೆ ಜೋಡಿಸಿದೆ ಎಂದು ಕೈಸನ್ನೆಯಲ್ಲೂ ಬಾಯಲ್ಲೂ ಹೇಳಿದೆ. “ಉಳದದ್ದರ ಉಳೀತಲ್ಲ,” ಎಂದು ನನ್ನ ಭುಜ ತಟ್ಟಿದರು. ಮೂರು ತಿಂಗಳು ಹೀಗೇ ನಡೆಯಿತು. ದಿನಕ್ಕೊಮ್ಮೆಯಾದರೂ ಅವರು ನನ್ನ ಹೆಂಡತಿಯ ಮಾತಿನ ಮೇಲೆ ಕೈ ಇಡುತ್ತಿದ್ದರು.

ಬಕ್ರೀದಿಗೆ ಅವರ ಮಗಳು ಮುಂಡರಗಿಯಿಂದ ಬಂದಳು. ಅಂಗಡಿಗೆ ಬುತ್ತಿ ತಂದವಳು ಅಮ್ಮಿಯ ಮಾತು ಕೇಳಬೇಕು ಎಂದಳು. ನಾನು ಎದ್ದು ಹೋಗಬಹುದಿತ್ತು. ಕೂತೇ ಇದ್ದೆ. ಚಾಚಾ ಖುಷಿಯಿಂದ ಕ್ಯಾಸೆಟ್ಟು ಹಾಕಿ, ತಾವೂ ಅಂಗೈ ಇಟ್ಟುಕೊಂಡರು. ಮಗಳು ಎರಡು ಮಾತು ಕೇಳಿದಳು, ಬುತ್ತಿ ಕೆಳಗಿಟ್ಟಳು.

“ಅಬ್ಬಾ, ಇದು ಅಮ್ಮಿ ಅಲ್ಲ.”

ಅವರು ಅವಳ ತುಟಿ ನೋಡಿದರು. ಇನ್ನೊಮ್ಮೆ ಹೇಳು ಎಂದರು. ಅವಳು ಇನ್ನೊಮ್ಮೆ ಹೇಳಿದಳು. ಇಬ್ಬರೂ ನನ್ನತ್ತ ತಿರುಗಿದರು. ಹೇಳಲೇಬೇಕಾಯಿತು. ಮೆಲ್ಲಗೆ ಹೇಳುವ ಹಾಗಿರಲಿಲ್ಲ, ಅವರ ಬಲಗಿವಿಗೆ ಬಾಯಿ ಹಚ್ಚಿ ಕಿರುಚಿ ಹೇಳಬೇಕಿತ್ತು. ಬಿಸಿಲಲ್ಲಿ ಒಗೆದದ್ದು, ಹರಿದದ್ದು, ಹೆಂಡತಿಯನ್ನು ಕೂಡಿಸಿ ಹೇಳಿಸಿದ್ದು, ಎಲ್ಲ ಕಿರುಚಿದೆ. ಛಾಪಖಾನೆಯ ಮಷಿನ್ನು ನಿಂತಿತು. ಕೆಲಸಗಾರರು ಹೊರಗೆ ಬಂದು ನಿಂತರು, ಚಹದಂಗಡಿಯವರು ಬಂದರು, ಕಾರು ತಂದಿದ್ದ ಗಿರಾಕಿಯೊಬ್ಬ ಇದ್ದ. ಮಿಸ್ತ್ರಿಗೆ ಕಿವಿ ಕೇಳುವುದಿಲ್ಲ ಎಂಬುದು ಇಡೀ ಓಣಿಗೆ ಗೊತ್ತಾದದ್ದು ಹೀಗೆ, ಗುಟ್ಟು ಕಾಯುತ್ತೇನೆಂದು ಮಾತು ಕೊಟ್ಟವನ ಬಾಯಿಂದಲೇ.

ಚಾಚಾ ಅಂಗೈಯನ್ನು ಸ್ಪೀಕರಿನಿಂದ ಎತ್ತಿ ಅಂಗಿಗೆ ಒರೆಸಿಕೊಂಡರು. ಒಂದು ಸಲ, ಎರಡು ಸಲ.

“ಮಂದಿ ಹೆಣ್ಣಮಗಳ ಮಾತಿನ ಮ್ಯಾಲ ಮೂರು ತಿಂಗಳ ನನ್ನ ಕೈ ಇಡಿಸಿದೆಲ್ಲೋ. ಆ ತಾಯಿಗೆ ನಾ ಹೆಂಗ ಮುಖ ತೋರಸ್ಲಿ?” ಎಂದರು. “ಕ್ಯಾಸೆಟ್ಟು ಹೋತು ಅಂದಿದ್ರ ಅತ್ತು ಬಿಡತಿದ್ದೆ,” ಎಂದರು.

ಆಮೇಲೆ ಅವರಿಗೆ ಇನ್ನೊಂದು ಹೊಳೆಯಿತು. ಹೊಳೆದದ್ದು ಮುಖದಲ್ಲೇ ಕಾಣಿಸಿತು.

“ಗಾಡಿಗಳದ್ದು? ಅವೂ ಹಿಂಗನ ಏನು?”

ನಾನು ಕೆಳಗೆ ನೋಡಿದೆ. ಕೇಳಿಸದವರಿಗೆ ಅದೇ ಸಾಕಾಗಿತ್ತು.

ಮರುದಿನದಿಂದ ಅವರು ಹೊಸ ಕೆಲಸ ಹಿಡಿಯಲಿಲ್ಲ. ಹಿಡಿಯುತ್ತೇನೆಂದರೂ ಬರುವವರು ಇರಲಿಲ್ಲ. ನಾನು ಕಿವಿಯಾಗಿದ್ದ ಕಾಲದಲ್ಲಿ ಕೂಡಿಸಿದ ಒಂದೊಂದು ಗಾಡಿಯನ್ನೂ ಹುಡುಕಿಕೊಂಡು ಹೊರಟರು. ಬೆಸುಗೆಯ ಕಡ್ಡಿ, ವೈರು, ಕಂಬಳಿಯ ತುಂಡು ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಹೋಗುತ್ತಿದ್ದರು. ನನ್ನ ಗಾಡಿಯ ನೆರಳಿಗೂ ಬರಲಿಲ್ಲ. ಮಾಲೀಕರ ಮನೆಯ ಮುಂದೆ ನಿಂತು, ನನಗ ಕಿವಿ ಕೇಳಂಗಿಲ್ಲ, ಡೈನಮೊ ಅಳತೈತೇನು ನೀವ ಹೇಳ್ರಿ ಎಂದು ಕೇಳುತ್ತಿದ್ದರಂತೆ. ಕೆಲವರು ಕೂಡಿಸಿ ಉಣಿಸಿ ಕಳಿಸಿದರು. ಕೆಲವರು ನಕ್ಕರು. ಹಿರೇಹಂದಿಗೋಳದ ಒಬ್ಬಾತ, ಕಿವುಡನಿಂದ ಗಾಡಿ ಮಾಡಿಸಿದೆನಲ್ಲ ಎಂದು ಜನರ ಮುಂದೆ ಅವರನ್ನೇ ಬೈದನಂತೆ. ಲಕ್ಷ್ಮೇಶ್ವರದ ಹತ್ತಿ ವ್ಯಾಪಾರಿಯ ಕಾರನ್ನು ಒಂದಿಡೀ ದಿನ ಬಿಚ್ಚಿ ಸರಿ ಮಾಡಿ ಬಂದರು. ಇದೆಲ್ಲ ನನಗೆ ಬೇರೆ ಡ್ರೈವರುಗಳಿಂದ ತಿಳಿಯುತ್ತಿತ್ತು.

ಒಮ್ಮೆ ಲಕ್ಷ್ಮೇಶ್ವರದ ಬಸ್‌ಸ್ಟ್ಯಾಂಡಿನಲ್ಲಿ ಕಂಡರು. ಹೆಗಲಿಗೆ ಚೀಲ, ಸೊರಗಿ ಅರ್ಧವಾಗಿದ್ದರು. ಗಾಡಿಯಲ್ಲಿ ಕೂತೇ ಚಾಚಾ ಎಂದು ಕರೆದೆ. ಕೇಳಿಸಲಿಲ್ಲ. ಇಳಿದು ಎದುರಿಗೆ ಹೋಗಿ ನಿಲ್ಲಬಹುದಿತ್ತು, ಹತ್ತು ಹೆಜ್ಜೆ ಅಷ್ಟೇ. ನಾನು ಇಳಿಯಲಿಲ್ಲ. ಕರೆದೆನಲ್ಲ ಎಂಬ ಸಮಾಧಾನ ಮಾಡಿಕೊಂಡು ಗಾಡಿ ಹೊಡೆದೆ. ನನ್ನ ಬಾಳಿನಲ್ಲಿ ಇಂಥ ಹೇಡಿತನ ಇನ್ನೊಂದಿಲ್ಲ.

ಮುಂದಿನ ಬೇಸಿಗೆಯ ಬಿಸಿಲಲ್ಲೂ ತಿರುಗಿದರು. ಜ್ವರ ಹಿಡಿಯಿತು. ಮಗಳು ಮುಂಡರಗಿಗೆ ಕರೆದೊಯ್ದಳು. ಮೂರು ವಾರ ಮಲಗಿದ್ದರಂತೆ. ಬಸ್ ಕಂಡಕ್ಟರನೊಬ್ಬನಿಂದ ನನಗೆ ಖಬರು ಮುಟ್ಟಿ, ನಾನೂ ಹೆಂಡತಿಯೂ ಹೋಗುವಷ್ಟರಲ್ಲಿ ಮಣ್ಣು ಕೊಟ್ಟು ಬಂದಿದ್ದರು. ಹೆಂಡತಿ ಒಳಗೆ ಹೆಂಗಸರ ಹತ್ತಿರ ಹೋದಳು. ನಾನು ಪಡಸಾಲೆಯ ಚಾಪೆಯ ಮೇಲೆ ಕೂತೆ. ಮಗಳು ನೀರು ತಂದುಕೊಟ್ಟಳು. ಅತ್ತು ಅತ್ತು ಅವಳ ಮುಖ ಬಾತಿತ್ತು. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದರೆ ಒಳ್ಳೆಯದು ಎಂದೂ ಅನ್ನಿಸಿತ್ತು. ಬೈಯಲಿಲ್ಲ.

“ಒಂದು ಗಾಡಿ ಉಳೀತು, ಒಂದು ಗಾಡಿ ಉಳೀತು ಅಂತಿದ್ರಣ್ಣಾ,” ಎಂದಳು. “ಹಿರೇವಡ್ಡಟ್ಟಿ ಗೌಡ್ರ ಬಿಳಿ ಗಾಡಿ. ಎರಡು ಸಲ ಹೋದಾಗೂ ಗೌಡ್ರು ಊರಾಗ ಇರಲಿಲ್ಲಂತ. ಕಡೀ ದಿನಾನೂ ಅದನ್ನ ಕನವರಿಸಿದ್ರು. ಅದು ಸರಿ ಇತ್ತೇನ್ರಿ?”

ಆ ಬಿಳಿ ಗಾಡಿ ನನಗೆ ಚೆನ್ನಾಗಿ ನೆನಪಿತ್ತು. ಅಷ್ಟು ಕೆಟ್ಟದಾಗಿ ಡೈನಮೊ ಅತ್ತ ಗಾಡಿ ಇನ್ನೊಂದಿರಲಿಲ್ಲ. ಆ ಹೆಣ್ಣುಮಗಳ ಕಣ್ಣು ನೋಡಿದೆ. ಈಗ ಖರೆ ಹೇಳಿ ಯಾರಿಗೆ ಏನು ಬಂತು, ಇಷ್ಟಾದರೂ ನೆಮ್ಮದಿ ಇರಲಿ ಅನ್ನಿಸಿತು.

“ಸರಿ ಇತ್ತವಾ,” ಎಂದೆ. “ಅದು ಚೊಲೋನ ಇತ್ತು.”

ಅವಳು ನನ್ನ ಕೈಯಿಂದ ಖಾಲಿ ಗ್ಲಾಸು ತೆಗೆದುಕೊಂಡಳು.

“‘ನೀ ಕೇಳಿದ್ರ ಅವ ಸರಿ ಇತ್ತು ಅಂತಾನ’ ಅಂತ ಅಬ್ಬಾ ನನಗ ಮೊದಲ ಹೇಳಿದ್ರು,” ಎಂದು ಒಳಗೆ ಹೋದಳು.